ಬುಧವಾರ ಹೇಳದ ಮಾತು

ಸಂಗನಬಸವ ಒಂದು ಸಂಶೋಧನಾಲಯದಲ್ಲಿ ಕೆಲಸ ಮಾಡುತ್ತಿದ್ದ. ಜ್ವರ ತರುವ ವೈರಸ್ಸಿಗೆ ಔಷಧ ಹುಡುಕುವುದು ಅವನ ಕೆಲಸ. ಕಲಿಸುವವರು ಡಾಕ್ಟರ್ ಪದ್ಮಾವತಿ ಕೋರಿ. ಅವರದು ಮಾತು ಕಡಿಮೆ, ಕಣ್ಣು ಚುರುಕು.

ಆ ವರ್ಷ ಊರ ತುಂಬ ಜ್ವರ. ಮನೆಗೊಬ್ಬರು ಮಲಗಿದ್ದರು. ಸಂಗನಬಸವ ಒಂದು ಬೇಲಿಗಿಡದ ರಸವನ್ನು ಪರೀಕ್ಷೆ ಮಾಡುತ್ತಿದ್ದ. ಗಿಡದ ಹೆಸರು ಹೇಳುವುದಿಲ್ಲ, ಮಕ್ಕಳೇ. ಆ ಹೆಸರು ಈಗಾಗಲೇ ಬೇಕಾದ್ದಕ್ಕಿಂತ ಹೆಚ್ಚು ಓಡಾಡಿದೆ.

ಅವನು ಪುಟ್ಟ ತಟ್ಟೆಗಳಲ್ಲಿ ಜೀವಕೋಶ ಬೆಳೆಸಿ, ವೈರಸ್ ಬಿಟ್ಟು, ಮೇಲೆ ರಸ ಹಾಕಿದ. ಎರಡು ದಿನದ ನಂತರ ನೋಡಿದರೆ ವೈರಸ್ ಇಲ್ಲವೆನ್ನುವಷ್ಟು ಕಡಿಮೆ! ಕುಣಿಯುತ್ತ ಗುರುಗಳ ಬಳಿ ಹೋದ.

ಅವರು ಕೇಳಿದರು: "ವೈರಸ್ ಹಾಕದ ತಟ್ಟೆಗೆ ಬರೇ ರಸ ಹಾಕಿ ನೋಡೀಯೇನು?"

"ಇಲ್ರಿ ಮೇಡಂ. ಮುಂದಿನ ವಾರ ಮಾಡ್ತೀನಿ."

"ರಸ ಜೀವಕೋಶಾನೇ ಕೊಂದಿದ್ರ ವೈರಸ್ ಎಲ್ಲಿ ಬೆಳೀಬೇಕು? ಇಲಿ ಸತ್ತವು ಅಂತ ಹಿಗ್ಗಬ್ಯಾಡ, ಮನೀನೇ ಸುಟ್ಟಿರಬಹುದು. ಅದು ಗೊತ್ತಾಗೂತನಕ ಯಾರ ಮುಂದೂ ಬಾಯಿ ಬಿಡಬ್ಯಾಡ."

ಸಂಗನಬಸವ ತಲೆ ಆಡಿಸಿದ. ಆದರೆ ಶುಕ್ರವಾರ ಚಹಾ ಕುಡಿಯುತ್ತ ಕೂತಾಗ ಮನಸ್ಸು ತಡೆಯಲಿಲ್ಲ. ಜನರಿಗೆ ಉಪಕಾರವಾಗಲಿ ಅಂದುಕೊಂಡ. ತನಗೆ ಹೆಸರು ಬರಲಿ ಎಂಬುದೂ ಒಳಗೆ ಇತ್ತು. ಬಿಳಿ ಕೋಟು ಹಾಕಿ, ತಟ್ಟೆ ಹಿಡಿದು ಫೋಟೊ ತೆಗೆದುಕೊಂಡ. 'ಜ್ವರದ ವೈರಸ್ಸಿಗೆ ನಮ್ಮ ಬೇಲಿಯಲ್ಲೇ ಮದ್ದು! ಪ್ರಯೋಗಾಲಯದಲ್ಲಿ ಸಾಬೀತು!' ಎಂದು ಗಿಡದ ಹೆಸರು ಸಮೇತ ಬರೆದು ಫೇಸ್‌ಬುಕ್ಕಿಗೂ ವಾಟ್ಸಾಪಿಗೂ ಹಾಕಿದ. ಇದು ತಟ್ಟೆಯ ಜೀವಕೋಶದಲ್ಲಷ್ಟೇ ಕಂಡದ್ದು, ಪರೀಕ್ಷೆ ಇನ್ನೂ ಬಾಕಿ ಇದೆ ಎಂಬ ಮಾತು ಬಿಟ್ಟ.

ಭಾನುವಾರದ ಹೊತ್ತಿಗೆ ಅದು ಊರೂರು ಸುತ್ತಿತು. ಅವನ ಶಾಲೆಯ ಮಾಸ್ತರರೇ ಫೋನ್ ಮಾಡಿ, "ನಮ್ಮ ಹೆಸರು ಉಳಿಸಿದಿ" ಎಂದರು.

ಮಂಗಳವಾರ ಅವನು ಉಳಿದ ಪರೀಕ್ಷೆ ಮುಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದ. ವೈರಸ್ಸೇ ಹಾಕದ ತಟ್ಟೆ. ಬರೀ ರಸ. ಜೀವಕೋಶಗಳೆಲ್ಲ ಸತ್ತು ತೇಲುತ್ತಿದ್ದವು. ರಸ ಮದ್ದಲ್ಲ, ವಿಷ.

ಬರೆದದ್ದನ್ನು ಅಳಿಸಲು ಫೋನ್ ಕೈಗೆತ್ತಿಕೊಂಡ. ಮೆಚ್ಚಿದವರ ಸಂಖ್ಯೆ ಕಣ್ಣಿಗೆ ಬಿತ್ತು. ಇನ್ನೊಮ್ಮೆ ಪರೀಕ್ಷೆ ಮಾಡಿ ಹೇಳೋಣ ಎಂದು ತನಗೆ ತಾನೇ ಹೇಳಿಕೊಂಡು ಫೋನ್ ಕೆಳಗಿಟ್ಟ.

ಬುಧವಾರ ಬೆಳಿಗ್ಗೆ ಫಕೀರವ್ವ ಅವನ ಬಳಿ ಬಂದಳು. ಪ್ರಯೋಗಾಲಯದ ಗಾಜಿನ ಸಾಮಾನು ತೊಳೆಯುವವಳು ಆಕೆ.

"ಸರ, ಮಗಳಿಗೆ ನಿನ್ನೆಯಿಂದ ಜ್ವರ ಐತ್ರಿ. ನೀವು ಬರೆದ ಆ ರಸ ಕುಡಿಸ್ಲೇನ್ರಿ?"

ಪಕ್ಕದ ಮೇಜಿನಲ್ಲಿ ಮೂವರು ಗೆಳೆಯರಿದ್ದರು. ಎಲ್ಲರೂ ತಿರುಗಿ ನೋಡಿದರು. 'ಬ್ಯಾಡ' ಎನ್ನಲು ಎಷ್ಟು ಹೊತ್ತು ಬೇಕು? ಒಂದೇ ಮಾತು. ಸಂಗನಬಸವ ಗೆಳೆಯರತ್ತ ನೋಡಿದ.

"ಡಾಕ್ಟರಿಗೂ ಒಮ್ಮೆ ತೋರಿಸು," ಎಂದಷ್ಟೇ ಹೇಳಿ ಪುಸ್ತಕ ತೆರೆದ. ಆಕೆ ಅದನ್ನು ಹೌದೆಂದೇ ತಿಳಿದು ಕೈ ಮುಗಿದು ಹೋದಳು.

ಶನಿವಾರ ಫಕೀರವ್ವ ಕೆಲಸಕ್ಕೆ ಬರಲಿಲ್ಲ. ಮಗಳು ಸಾವಕ್ಕ ಆಸ್ಪತ್ರೆಯಲ್ಲಿದ್ದಾಳೆ, ಕಣ್ಣು ಹಳದಿ ಆಗಿವೆ, ಯಕೃತ್ತು ಊದಿಕೊಂಡಿದೆ ಎಂದು ಸುದ್ದಿ ಬಂತು. ಸಂಗನಬಸವ ಮಾಡುತ್ತಿದ್ದ ಕೆಲಸ ಅಲ್ಲೇ ಬಿಟ್ಟ. ಎದ್ದು ಆಸ್ಪತ್ರೆಗೆ ಹೋದ.

ಅವನನ್ನು ಕಂಡು ಫಕೀರವ್ವ ಗಡಬಡಿಸಿ ಎದ್ದಳು. ಸೆರಗಿನಿಂದ ಸ್ಟೂಲು ಒರೆಸಿ, "ಕೂಡ್ರಿ ಸರ" ಎಂದಳು. ನರ್ಸಿಗೆ, "ಇವರಽ ನಮ್ಮ ಸರ್ರು, ಮದ್ದು ಕಂಡುಹಿಡಿದವರು" ಎಂದು ಹೆಮ್ಮೆಯಿಂದ ಹೇಳಿದಳು. ಆಮೇಲೆ ದನಿ ತಗ್ಗಿಸಿದಳು.

"ನನ್ನ ಕೈಲೇ ಅಳತಿ ತಪ್ಪೇತಿ ಕಾಣಸ್ತದ್ರಿ. ಎರಡು ಸಲ ಹೆಚ್ಚಿಗಿ ಕುಡಿಸೀನಿ. ನೀವು ಬರೆದದ್ದು ತಪ್ಪಿರಂಗಿಲ್ಲ. ಯಾರ ಮುಂದೂ ನಿಮ್ಮ ಹೆಸರು ಹೇಳಿಲ್ರಿ."

ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಆಕೆ ಅವನ ಮಾನ ಕಾಯುತ್ತಿದ್ದಳು. ಅವನಿಗೆ ಆ ಸ್ಟೂಲಿನ ಮೇಲೆ ಕೂರಲಾಗಲಿಲ್ಲ.

"ನಿನ್ನ ತಪ್ಪಲ್ಲವ್ವ. ಒಂದು ಹನಿ ಕೊಟ್ಟಿದ್ರೂ ಅದು ವಿಷಾನೇ."

"ಹಂಗಂದ್ರ?"

"ನಾನು ಪೂರ್ತಿ ನೋಡದೇ ಬರೆದೆ."

ಫಕೀರವ್ವ ಅವನನ್ನೇ ನೋಡಿದಳು. "ಬುಧವಾರ ನಾ ಕೇಳಿದಾಗ ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

ಆಕೆ ಮಗಳ ಕಡೆ ತಿರುಗಿ ಕೂತಳು. ಅವನಿಗೆ ಕಂಡದ್ದು ಆಕೆಯ ಬೆನ್ನು ಮಾತ್ರ.

ಅವನು ಏನು ನಡೆಯಿತೆಂಬುದನ್ನು ಮೊದಲು ವೈದ್ಯರಿಗೆ, ಆಮೇಲೆ ಪದ್ಮಾವತಿ ಮೇಡಂಗೆ ಹೇಳಿದ. ಹಳೆಯದನ್ನು ಅಳಿಸಿ, ಅಂದೇ ಹೊಸದಾಗಿ ಬರೆದ: 'ನಾನು ಹೇಳಿದ್ದು ಸುಳ್ಳು. ಈ ರಸ ಯಾರೂ ಕುಡಿಯಬೇಡಿ. ಗೊತ್ತಾದ ಮೇಲೂ ನಾಲ್ಕು ದಿನ ಸುಮ್ಮನಿದ್ದೆ.' ಓದಿದವರು ಕೆಲವೇ ಮಂದಿ. ಫೋನುಗಳಲ್ಲಿ ಉಳಿದುಹೋದ ಮೊದಲಿನದನ್ನು ಮಾತ್ರ ಜನ ಇನ್ನೂ ಹಂಚುತ್ತಲೇ ಇದ್ದರು. ಸಂಗನಬಸವ ಸಂತೆಯಲ್ಲಿ ನಿಂತು ಹೇಳಿದ, ಜ್ವರವಿದ್ದ ಮನೆಗಳ ಬಾಗಿಲು ತಟ್ಟಿ ಹೇಳಿದ. ಕೆಲವರು ಬೈದರು. ಕೆಲವರು ಬಾಗಿಲು ಹಾಕಿಕೊಂಡರು.

ಸಾವಕ್ಕನಿಗೆ ವಾಸಿಯಾಗಲು ಒಂದು ತಿಂಗಳು ಹಿಡಿಯಿತು. ಫಕೀರವ್ವ ಮತ್ತೆ ಕೆಲಸಕ್ಕೆ ಬಂದಳು. ಅವನ ಸಾಮಾನನ್ನೂ ಮೊದಲಿನಷ್ಟೇ ಚೊಕ್ಕಟವಾಗಿ ತೊಳೆದಿಡುತ್ತಾಳೆ. ಆದರೆ ಅವನನ್ನು ಏನೂ ಕೇಳುವುದಿಲ್ಲ.

ಈಗಲೂ ಆಗಾಗ ಯಾವುದೋ ಊರಿಂದ ಫೋನ್ ಬರುತ್ತದೆ. "ಕೂಸಿಗೆ ಜ್ವರ ಐತ್ರಿ. ಆ ರಸ ಎಷ್ಟು ಚಮಚ ಕೊಡಬೇಕ್ರಿ?" ಸಂಗನಬಸವ ಊಟ ಮಾಡುತ್ತಿದ್ದರೂ ತುತ್ತು ಬಿಟ್ಟು ಏಳುತ್ತಾನೆ. "ಬ್ಯಾಡವ್ವ, ಕೊಡಬ್ಯಾಡ. ಕೂಸಿನ್ನ ಆಸ್ಪತ್ರೆಗೆ ಕರಕೊಂಡು ಹೋಗು. ನಾ ಬರೆದದ್ದು ಸುಳ್ಳು," ಎನ್ನುತ್ತಾನೆ. ಆ ಕಡೆಯವರು ಹೂಂ ಎನ್ನುವವರೆಗೂ ಫೋನ್ ಇಡುವುದಿಲ್ಲ.

ನೀತಿ: ತಿಳಿಯುವ ಮೊದಲೇ ಸಾರಿದ್ದು ಆತುರದ ತಪ್ಪು. ತಿಳಿದ ಮೇಲೂ ನಾಚಿಕೆಗೆ ಅಂಜಿ ಬಾಯಿ ಮುಚ್ಚಿಕೊಂಡದ್ದು ಅದಕ್ಕಿಂತ ದೊಡ್ಡ ತಪ್ಪು. ನಮ್ಮ ಮಾತು ತಪ್ಪೆಂದು ಗೊತ್ತಾದ ಗಳಿಗೆಯಲ್ಲೇ ಅದನ್ನು ಹೇಳಿಬಿಡಬೇಕು. ನಮ್ಮನ್ನು ನಂಬಿದವರು ನಮಗಾಗಿ ಕಾಯುತ್ತಾರೆ, ಕಾಯಿಲೆ ಕಾಯುವುದಿಲ್ಲ.