ಒಬ್ಬರಿಗೆ ಬಹುವಚನ

“ಗುರುಗಳೇ, ಕಣ್ಣಿಗೆ ಬಿದ್ದ ತಪ್ಪನ್ನು ತಿದ್ದುವುದು ಉಪಕಾರವಲ್ಲವೇ?” ಎಂದು ಶಿಷ್ಯ ಕೇಳಿದ. ಹಿಂದಿನ ವಾರ ಅವನು ಜೊತೆಗಾರನ ಬರಹವನ್ನು ತಿದ್ದಿಕೊಟ್ಟಿದ್ದ. ಅಂದಿನಿಂದ ಜೊತೆಗಾರ ಮಾತು ಬಿಟ್ಟಿದ್ದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಗುಮಾಸ್ತನಿದ್ದ. ಸಂಜೆ ಕಚೇರಿಯಿಂದ ಬಂದು, ಮೊಬೈಲ್ ಮುಂದೆ ಕೂತು, ಆನ್‌ಲೈನ್ ತರಗತಿಯಲ್ಲಿ ಇಂಗ್ಲಿಷ್ ಕಲಿಯುತ್ತಿದ್ದ. ಒಮ್ಮೆ ಆ ತರಗತಿಯ ಮೇಷ್ಟ್ರು ನಾಲ್ಕು ನಾಲ್ಕು ಜನರ ಗುಂಪು ಮಾಡಿದರು. ನಿಮ್ಮನ್ನು ಸಾಕಿದವರ ಬಗ್ಗೆ ಎಲ್ಲರೂ ಕೂಡಿ ಒಂದು ಪುಟ ಬರೆಯಿರಿ ಎಂದರು. ಪುಟ ಒಂದೇ, ಅಂಕವೂ ಒಂದೇ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸಬಹುದಿತ್ತು. ಗುಮಾಸ್ತನ ಗುಂಪಿನಲ್ಲಿ ಬೇರೆ ಊರಿನ ಒಬ್ಬ ದಾದಿ ಇದ್ದಳು.

ನಾಲ್ವರಲ್ಲಿ ವ್ಯಾಕರಣ ಹೆಚ್ಚು ಬಲ್ಲವನು ಗುಮಾಸ್ತನೇ. ತಪ್ಪು ಕಂಡರೆ ಅವನಿಗೆ ಹಲ್ಲಿನ ಸಂದಿಯಲ್ಲಿ ನಾರು ಸಿಕ್ಕಿದ ಹಾಗೆ. ತೆಗೆಯುವ ತನಕ ಸಮಾಧಾನವಿಲ್ಲ. ಅಲ್ಪವಿದ್ಯಾ ಮಹಾಗರ್ವಿ ಎನ್ನುತ್ತಾರೆ. ಅವನು ಗರ್ವಿಯಲ್ಲ, ಉಪಕಾರಿ. ಗರ್ವಿಯನ್ನಾದರೂ ತಡೆಯಬಹುದು, ಉಪಕಾರಿಯನ್ನು ತಡೆಯುವುದು ಕಷ್ಟ.

ದಾದಿ ತನ್ನ ಪಾಲಿಗೆ ತಂದೆಯ ಬಗ್ಗೆ ಹತ್ತು ಸಾಲು ಬರೆದಳು. ಅವರು ತೀರಿಕೊಂಡು ಒಂದು ವರ್ಷವಾಗಿತ್ತು. ಇಂಗ್ಲಿಷಿನಲ್ಲಿ ಒಬ್ಬ ಗಂಡಸಿಗೆ ‘ಹಿ’, ಹಲವರಿಗೆ ‘ದೇ’. ನಮ್ಮ ‘ಅವರು’ ಮರ್ಯಾದೆಗೂ ಆಗುತ್ತದೆ, ಇಂಗ್ಲಿಷಿನ ‘ದೇ’ಗೆ ಆ ಮರ್ಯಾದೆ ಗೊತ್ತಿಲ್ಲ. ದಾದಿ ತಂದೆಗೆ ‘ದೇ’ ಎಂದು ಬರೆದಿದ್ದಳು. ಹತ್ತು ಸಾಲಿನಲ್ಲಿ ಒಂಬತ್ತು ಕಡೆ ಹಾಗೆ ಬಂದಿತ್ತು.

ಕನ್ನಡದವರು ಮೊದಮೊದಲು ಮಾಡುವ ತಪ್ಪು ಇದು ಎಂದು ಗುಮಾಸ್ತ ನಕ್ಕ. ಒಂಬತ್ತನ್ನೂ ‘ಹಿ’ ಮಾಡಿದ. ಮರುದಿನ ನೋಡಿದರೆ ಎಲ್ಲವೂ ಮತ್ತೆ ‘ದೇ’ ಆಗಿದ್ದವು. ಪಾಪ, ತಿಳಿಯಲಿಲ್ಲವೇನೋ ಎಂದುಕೊಂಡು ಪುಟದ ಅಂಚಿನಲ್ಲಿ ಬರೆದ: “ತಂದೆ ಒಬ್ಬರೇ ತಾನೇ ಮೇಡಂ? ಒಬ್ಬರಿಗೆ ‘ಹಿ’ ಬರೆಯಬೇಕು.”

“ಗೊತ್ತು ಸರ್. ಇರಲಿ ಬಿಡಿ,” ಎಂದು ದಾದಿ ಉತ್ತರ ಬರೆದಳು.

ಗೊತ್ತಿದ್ದವರು ಯಾರಾದರೂ ತಪ್ಪು ಬರೆಯುತ್ತಾರೆಯೇ? ಸಂಕೋಚಕ್ಕೆ ಹಾಗೆ ಹೇಳುತ್ತಿದ್ದಾಳೆ ಎಂದು ಗುಮಾಸ್ತ ತೀರ್ಮಾನಿಸಿದ. ಅವನ ಬಡ್ತಿಯೂ ಆ ಅಂಕದ ಮೇಲೆ ನಿಂತಿತ್ತು. ಪುಟ ಒಪ್ಪಿಸುವ ದಿನ, ಇನ್ನು ಕಾಲು ಗಂಟೆ ಇದೆ ಎನ್ನುವಾಗ, ಒಂಬತ್ತನ್ನೂ ತಿದ್ದಿ ತಾನೇ ಒಪ್ಪಿಸಿದ.

ಪೂರ್ತಿ ಅಂಕ ಬಂತು. ಮೇಷ್ಟ್ರು ದಾದಿಯ ಹತ್ತು ಸಾಲನ್ನು ತರಗತಿಗೆ ಗಟ್ಟಿಯಾಗಿ ಓದಿದರು. ಒಂದೂ ತಪ್ಪಿಲ್ಲ ಎಂದು ಹೊಗಳಿದರು. ಅವರು ಓದಿ ಮುಗಿಸುವ ಮೊದಲೇ ದಾದಿಯ ಮುಖ ಪರದೆಯಿಂದ ಮರೆಯಾಯಿತು. ಆಮೇಲೆ ಆಕೆ ತರಗತಿಗೆ ಬರಲಿಲ್ಲ.

ಎರಡು ವಾರ ನೋಡಿ ಗುಮಾಸ್ತ ಫೋನ್ ಮಾಡಿದ. “ಯಾಕೆ ಬರ್ತಾ ಇಲ್ಲ ಮೇಡಂ? ಅಂಕ ಬಂತಲ್ಲ?”

“ಬಂತು ಸರ್,” ಎಂದಳು ದಾದಿ. “ನಮ್ಮಪ್ಪ ಮೂವತ್ತು ವರ್ಷ ಬೀದಿ ಗುಡಿಸಿದ್ರು. ಆ ಬೀದಿ ಮಕ್ಕಳೂ ‘ಏ ಬಾರೋ, ಇಲ್ಲಿ ಗುಡಿಸೋ’ ಅಂತಿದ್ರು. ಸಾಯೋ ತನಕ ಯಾರೂ ಅವರನ್ನ ‘ಬನ್ನಿ’ ಅನ್ಲಿಲ್ಲ. ಇಂಗ್ಲಿಷ್ ಕಲಿತಾ ಇದ್ದೀನಲ್ಲ, ಅದ್ರಲ್ಲಾದ್ರೂ ನಮ್ಮಪ್ಪನ್ನ ಬಹುವಚನದಲ್ಲಿ ಬರೆಯೋಣ ಅಂತಿದ್ದೆ. ನನ್ನಿಂದ ನಿಮ್ಮ ಮೂರು ಜನದ ಅಂಕ ಹೋಗುತ್ತಲ್ಲ ಅಂತ ಬಾಯಿ ಬಿಟ್ಟು ಹೇಳೋಕಾಗಲಿಲ್ಲ. ಅವತ್ತು ಮೇಷ್ಟ್ರು ಓದಿದ್ರಲ್ಲ, ಅದೇ ಬೀದೀಲಿ ನಿಂತ ಹಾಗಾಯ್ತು ಸರ್.”

ಗುಮಾಸ್ತ ಫೋನಿಟ್ಟವನೇ ಆ ಪುಟ ತೆರೆದ. ಒಂದು ‘ಹಿ’ಯನ್ನಾದರೂ ‘ದೇ’ ಮಾಡಲು ನೋಡಿದ. ಒಪ್ಪಿಸಿದ ಪುಟದಲ್ಲಿ ಇನ್ನು ಏನನ್ನೂ ತಿದ್ದುವಂತಿರಲಿಲ್ಲ. ಎಷ್ಟು ಒತ್ತಿದರೂ ಅಕ್ಷರ ಕದಲಲಿಲ್ಲ. ಹತ್ತು ಸಾಲನ್ನೂ ಮೊದಲಿಂದ ಓದಿಕೊಂಡ. ಎಲ್ಲಿಯೂ ತಪ್ಪಿರಲಿಲ್ಲ. ಅವನಿಗೆ ಅಳು ಬಂತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಗುಮಾಸ್ತನ ಮೇಲೆ ಮರುಕ ಹುಟ್ಟಿತ್ತು.

“ಆದರೂ ಗುಮಾಸ್ತ ತಿದ್ದಿದ್ದು ಸರಿಯೇ ಅಲ್ಲವೇ ಗುರುಗಳೇ? ದಾದಿ ಇಷ್ಟು ನೊಂದುಕೊಳ್ಳಬೇಕಿತ್ತೇ? ಬೀದಿ ಗುಡಿಸುತ್ತಿದ್ದವನು ಸತ್ತು ವರ್ಷವಾಯಿತು. ಇನ್ನು ಅವನಿಗೆ ಯಾವ ವಚನವಾದರೇನು?”

“ನೀನೂ ‘ಅವನಿಗೆ’ ಎಂದೆ,” ಎಂದರು ಗುರುಗಳು.