ನೀರುನಾಯಿ ಅಳಿಸಿದ ಅಂಕಿ

ಬಿದಿರು ಕಾಡಿನ ಇಳಿಜಾರಿನಲ್ಲಿ ಎರಡು ಹೊಂಡಗಳಿದ್ದವು, ಮಕ್ಕಳೇ. ಮೇಲಿನ ಹೊಂಡದ ನೀರು ಕೆಳಗಿನದಕ್ಕೆ ಹರಿಯುತ್ತಿತ್ತು. ಕೆಳಗಿನದರ ನೀರು ಹಳ್ಳ ಸೇರುತ್ತಿತ್ತು.

ಅಲ್ಲಿ ಮಾದಣ್ಣನೆಂಬ ನೀರುನಾಯಿ ಇದ್ದ. ಅವನಿಗೆ ಮೀನಿಗಿಂತ ಲೆಕ್ಕ ರುಚಿ. ಮರಳಿನ ಮೇಲೆ ಅಂಕಿಗಳನ್ನು ಅಡ್ಡಸಾಲು, ಉದ್ದಸಾಲಾಗಿ ಜೋಡಿಸುತ್ತಿದ್ದ. ಅಂಥ ಜೋಡಣೆಗೆ ಮಾತೃಕೆ ಎಂದು ಹೆಸರು. ಆದರೆ ಅವನಿಗೊಂದು ಚಟವಿತ್ತು. ಅಂಕಿಗಳೆಲ್ಲ ಮೂಲೆಯಿಂದ ಮೂಲೆಗೆ ಒಂದೇ ಓರೆಗೆರೆಯಲ್ಲಿ ನಿಲ್ಲಬೇಕು, ಉಳಿದ ಕಡೆ ಸೊನ್ನೆ ಇರಬೇಕು. ಆಗಲೇ ಅವನಿಗೆ ಸಮಾಧಾನ.

ಮಳೆ ನಿಂತ ದಿನ ಮೇಲಿನ ಹೊಂಡ ತುಂಬಿತ್ತು, ಕೆಳಗಿನದರಲ್ಲಿ ನೀರು ಕಡಿಮೆಯಿತ್ತು. ಆಗ ಟಿಟ್ಟಿಭ ಹಕ್ಕಿ ಚೆನ್ನಕ್ಕ ಬಂದಳು. ನೆಲದ ಮೇಲೆಯೇ ಗೂಡು ಮಾಡುವ ಹಕ್ಕಿ ಅವಳು.

"ಮಾದಣ್ಣ, ಕೆಳಗಿನ ಹೊಂಡದ ಅಂಚಿನಲ್ಲಿ ಮೊಟ್ಟೆ ಇಡಬಹುದಾ? ನೀರು ಏರುತ್ತದಾ, ಇಳಿಯುತ್ತದಾ?"

ಮಾದಣ್ಣ ಬರೆದ. ದಿನಕ್ಕೆ ಮೇಲಿನ ಹೊಂಡದಲ್ಲಿ ಅರ್ಧ ನೀರು ಉಳಿಯುತ್ತದೆ. ಕೆಳಗಿನದರಲ್ಲೂ ಅರ್ಧ ಉಳಿಯುತ್ತದೆ. ಓರೆಗೆರೆಯಲ್ಲಿ ಎರಡು ಅರ್ಧಗಳು ಚೆಂದವಾಗಿ ಕುಳಿತವು. ಪಕ್ಕದಲ್ಲಿ ಇನ್ನೊಂದು ಅಂಕಿ ಉಳಿದಿತ್ತು.

"ಅದೇನದು?" ಚೆನ್ನಕ್ಕ ಕೇಳಿದಳು.

"ಮೇಲಿನಿಂದ ಕೆಳಗೆ ಬರುವ ಇನ್ನರ್ಧ ನೀರು. ಅದೊಂದು ಲೆಕ್ಕದ ಅಂದ ಕೆಡಿಸುತ್ತದೆ," ಎಂದು ಬಾಲದಿಂದ ಅಳಿಸಿಬಿಟ್ಟ. "ನೋಡು, ನಾಳೆ ನೀರು ಅರ್ಧಕ್ಕಿಳಿಯುತ್ತದೆ. ಧೈರ್ಯವಾಗಿ ಮೊಟ್ಟೆ ಇಡು."

ಮರುದಿನ ನೀರು ಇಳಿಯಲಿಲ್ಲ, ಏರಿತು. ಮೊಟ್ಟೆಗಳ ಪಕ್ಕದ ಕಲ್ಲು ಒದ್ದೆಯಾಯಿತು.

"ಮಾದಣ್ಣ, ಬೇಗ ಬಾ!"

ಅವನು ಓಡಿ ಬಂದ. ಮೊಟ್ಟೆಗಳನ್ನು ಒಂದೊಂದಾಗಿ ಬಾಯಲ್ಲಿ ಎತ್ತಿಕೊಂಡ.

"ಹಲ್ಲು ತಾಗಿಸಬೇಡ," ಎನ್ನುತ್ತ ಚೆನ್ನಕ್ಕ ಜೊತೆಜೊತೆಗೇ ಹಾರಿದಳು. ಬಾಯಿ ತುಂಬಿದ್ದರಿಂದ ಮಾದಣ್ಣ ತಲೆಯಾಡಿಸಿದ, ಅಷ್ಟೇ. ಎಲ್ಲ ಮೊಟ್ಟೆಗಳೂ ದಿಬ್ಬ ಸೇರಿದವು. ಒಂದೂ ಒಡೆಯಲಿಲ್ಲ.

"ನನ್ನ ತಪ್ಪು ಚೆನ್ನಕ್ಕ," ಎಂದು ಅವನು ತಲೆ ತಗ್ಗಿಸಿದ.

"ಮೊಟ್ಟೆ ಉಳಿದವಲ್ಲ, ಬಿಡು. ಈಗ ಸರಿಯಾಗಿ ಲೆಕ್ಕ ಹಾಕು."

ಮಾದಣ್ಣ ಆ ಅಂಕಿಯನ್ನು ಮತ್ತೆ ಬರೆದ. ಆದರೂ ಎಲ್ಲವನ್ನೂ ಓರೆಗೆರೆಗೆ ತರುವ ಆಸೆ ಬಿಡಲಿಲ್ಲ. ಎರಡು ಹೊಂಡಗಳ ನೀರನ್ನು ಕೂಡಿಸಿ ನೋಡಿದ, ಕಳೆದು ನೋಡಿದ. ನಂಟು ಕಳಚಲೇ ಇಲ್ಲ. ಕೊನೆಗೆ ನಕ್ಕುಬಿಟ್ಟ.

"ಇವೆರಡೂ ಬೇರೆ ಬೇರೆ ವೇಗದಲ್ಲಿ ಬರಿದಾಗುತ್ತಿದ್ದರೆ ಬಿಡಿಸಬಹುದಿತ್ತು. ವೇಗ ಒಂದೇ, ಅದಕ್ಕೇ ಗಂಟು ಬಿಗಿಯಾಗಿದೆ. ಕೆಳಗಿನ ನೀರನ್ನು ಮಾತ್ರ ಅರ್ಧದಷ್ಟು ಸಣ್ಣ ಚಿಪ್ಪಿನಲ್ಲಿ ಅಳೆದರೆ ಪಕ್ಕದ ಈ ಅರ್ಧ ಚೊಕ್ಕ ಒಂದಾಗುತ್ತದೆ. ಇದಕ್ಕಿಂತ ಸರಳ ಮಾಡಲಾಗದು."

"ಅದಕ್ಕೊಂದು ಹೆಸರಿದೆಯಾ?"

"ಇದೆ, ಜೋರ್ಡಾನ್ ರೂಪ. ಎಷ್ಟು ದೊಡ್ಡ ಚೌಕ ಮಾತೃಕೆಯಾದರೂ ಇಂಥ ಚಿಕ್ಕ ಚಿಕ್ಕ ಕಟ್ಟುಗಳಾಗಿ ಬಿಡಿಸಬಹುದಂತೆ. ಕಟ್ಟಿನೊಳಗೆ ಅಂಕಿಗಳು ಒಂದರ ಬೆನ್ನಿಗೊಂದು. ಓದಿದ್ದೆ, ಇವತ್ತು ಅರ್ಥವಾಯಿತು. ನಾಳೆಯಿಂದ ನೀರು ಇಳಿಯುತ್ತದೆ, ನೋಡುತ್ತಿರು."

ಹಾಗೆಯೇ ಆಯಿತು. ಕೆಲ ವಾರಗಳಲ್ಲಿ ದಿಬ್ಬದ ಮೇಲೆ ಮೊಟ್ಟೆಗಳು ಒಡೆದವು. ಮರಿಗಳು ಕಡ್ಡಿಕಾಲಿನಲ್ಲಿ ನೀರಿನ ಕಡೆ ಓಡಿದವು, ಅವುಗಳ ಹಿಂದೆ ಚೆನ್ನಕ್ಕ, ಅವಳ ಹಿಂದೆ ಏದುಸಿರು ಬಿಡುತ್ತ ಮಾದಣ್ಣ.

ನೀತಿ: ಬಿಡಿಸಲಾಗದ ನಂಟನ್ನು ಅಂದಕ್ಕಾಗಿ ಅಳಿಸಬಾರದು, ಅದನ್ನು ಒಪ್ಪಿಕೊಂಡಾಗಲೇ ಲೆಕ್ಕ ಸರಳವಾಗುತ್ತದೆ.