ಅಯಸ್ಕಾಂತಕ್ಕೆ ಅಂಟಿದ ಬೆಳ್ಳಿ

ತಾಲ್ಲೂಕು ಕಚೇರಿಯ ನಿವೃತ್ತ ಗುಮಾಸ್ತ ಗುರುಶಾಂತಪ್ಪನವರದು ಒಂಟಿ ಜೀವ. ಆನ್‌ಲೈನ್ ಹರಾಜಿನಲ್ಲಿ ಹಳೆಯ ಬೆಳ್ಳಿ ನಾಣ್ಯ ಕೊಂಡರು. ಮನೆಯಲ್ಲಿದ್ದ ಅಯಸ್ಕಾಂತಕ್ಕೆ ಹಿಡಿದರೆ ಗಪ್ಪನೆ ಅಂಟಿತು. ಬೆಳ್ಳಿ ಎಲ್ಲಾದರೂ ಅಂಟೀತೇ?

ದುಡ್ಡು ವಾಪಸು ಕೇಳಿದ್ದಕ್ಕೆ ಮಾರಿದವನು ಫೋನ್ ಮಾಡಿ ಎಗರಾಡಿದ. "ಇನ್ನೂರು ವರ್ಷದ ಅಸಲಿ ಮಾಲು ರೀ! ನಮ್ಮ ಹೊಲದಲ್ಲೇ ಸಿಕ್ಕಿದ್ದು. ನಿಮಗೇನ್ರೀ ಗೊತ್ತು?"

"ಹಾಗಾದ್ರೆ ಸರಿ ಸ್ವಾಮಿ," ಎಂದರು ಇವರು ಮೆತ್ತಗೆ. "ಹೊಲದಲ್ಲಿ ಸಿಕ್ಕ ನಿಧಿ ಸರ್ಕಾರದ್ದು. ಸರ್ವೆ ನಂಬರು ಹೇಳಿ, ತಹಶೀಲ್ದಾರರಿಗೆ ಅರ್ಜಿ ನಾನೇ ಬರೀತೀನಿ."

"ಅಯ್ಯಯ್ಯೋ, ಬೇಡಿ! ಅದು ಹೋದ ತಿಂಗಳು ನಾನೇ ಅಚ್ಚು ಹಾಕಿಸಿದ್ದು!"

ಸಂಜೆಯೊಳಗೆ ದುಡ್ಡು ಬಂತು. ಫೋನು ಸುಮ್ಮನಾಯಿತು. ಆ ತಿಂಗಳು ಅವರಿಗೆ ಫೋನ್ ಮಾಡಿ ಮಾತಾಡಿದವನು ಅವನೊಬ್ಬನೇ. ಗುರುಶಾಂತಪ್ಪನವರು ಮತ್ತೆ ಹರಾಜಿನ ಪುಟ ತೆರೆದರು. ಆಮೇಲೆ ಕನ್ನಡಕ ಹಾಕಿಕೊಂಡು, ಅವನದೇ ಇನ್ನೊಂದು ನಾಣ್ಯಕ್ಕೆ ಬಿಡ್ ಹಾಕಿದರು.